ದಿನವೂ ಜೇಬಿನಲ್ಲಿಡುವ ಟಾರ್ಚ್: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಆರಿಸುವ ಕ್ರಮ

ಕಡಿಮೆ ಬೆಲೆಯ ಟಾರ್ಚ್ ಕೊಳ್ಳುವವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಲ್ಯೂಮೆನ್ (ಟಾರ್ಚ್ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಅಂಕಿಯನ್ನು ಮೊದಲು ನೋಡಿ, ಅದರಲ್ಲಿ ದೊಡ್ಡದನ್ನು ಆರಿಸುತ್ತಾರೆ. ಒಳಗಿರುವ ಬ್ಯಾಟರಿ ಯಾವುದು, ಗುಂಡಿ ಎಲ್ಲಿದೆ, ಜೇಬಿನಲ್ಲಿ ಅದು ಕೂರುತ್ತದೆಯೇ ಎಂಬುದೆಲ್ಲ ವಸ್ತು ಕೈಗೆ ಬಂದ ಮೇಲಷ್ಟೇ ತಿಳಿಯುತ್ತದೆ. ಕೆಲವು ದಿನ ಹೊತ್ತು ತಿರುಗಿದ ಬಳಿಕ ಅದು ಮೇಜಿನ ಖಾನೆ ಸೇರುತ್ತದೆ, ಕತ್ತಲಾದಾಗ ಕೈ ಮತ್ತೆ ಫೋನಿನ ಬೆಳಕಿಗೇ ಹೋಗುತ್ತದೆ.

ಪರಿಶೀಲಿಸುವ ಕ್ರಮವನ್ನು ತಿರುಗಿಸಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಮೊದಲು ಜೇಬು, ಆಮೇಲೆ ಬ್ಯಾಟರಿ, ಬಳಿಕ ಸ್ವಿಚ್ಚು, ಅನಂತರ ಬೆಳಕಿನ ಹರಹು ಮತ್ತು ಬಣ್ಣ, ಕಟ್ಟಕಡೆಗೆ ಲ್ಯೂಮೆನ್. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಜೋಡಿಸಲಾಗಿದೆ. ಒಂದು ಹಂತದಲ್ಲಿ ಬಿದ್ದುಹೋದ ಮಾದರಿಯನ್ನು ಮುಂದಿನ ಹಂತದ ಆಕರ್ಷಣೆಗೆ ಒಳಗಾಗಿ ಮತ್ತೆ ಪಟ್ಟಿಗೆ ಸೇರಿಸಿಕೊಳ್ಳಬಾರದು.

## ಕೈಯಲ್ಲಿರಬೇಕಾದ ಸಾಧನಗಳು

ಮಿಲಿಮೀಟರ್ ಗುರುತುಗಳಿರುವ ಸ್ಕೇಲು, ಅಡುಗೆಮನೆಯ ಚಿಕ್ಕ ತೂಕದ ಯಂತ್ರ, ಕ್ಯಾಮೆರಾ ಇರುವ ಫೋನು, ಒಂದು ಬಿಳಿ ಗೋಡೆ, ಎರಡು ಬಗೆಯ ಚಾರ್ಜಿಂಗ್ ಕೇಬಲ್ (ಎರಡೂ ತುದಿಯಲ್ಲಿ ಟೈಪ್-ಸಿ ಇರುವುದೊಂದು, ಒಂದು ತುದಿಯಲ್ಲಿ ಹಳೆಯ ಅಗಲದ ಟೈಪ್-ಎ ಇರುವುದೊಂದು) ಇದ್ದರೆ ಸಾಕು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ವೋಲ್ಟೇಜನ್ನು ನೋಡಲು ಅನುಕೂಲ, ಆದರೆ ಅದಿಲ್ಲದೆಯೂ ಕೆಲಸ ನಡೆಯುತ್ತದೆ.

## ಹಂತ 1: ಕೆಲಸವನ್ನೂ ಜೇಬನ್ನೂ ಅಳೆಯುವುದು

ಕಳೆದ ಕೆಲವು ವಾರಗಳಲ್ಲಿ ಬೆಳಕು ಬೇಕಾದ ಸಂದರ್ಭಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ಬೀಗದ ಕಿಂಡಿ, ಮಂಚದ ಕೆಳಗೆ ಉರುಳಿದ ತಿರುಪು, ಕರೆಂಟು ಹೋದಾಗಿನ ಮೆಟ್ಟಿಲು, ವಾಹನದ ಬಾನೆಟ್ಟಿನ ಒಳಗು: ಹೆಚ್ಚಿನವರ ಪಟ್ಟಿಯಲ್ಲಿ ಬರುವ ಬಹುಪಾಲು ಕೆಲಸಗಳು ಕೈಯಳತೆಯಿಂದ ಹತ್ತು ಮೀಟರಿನ ಒಳಗೇ ಮುಗಿಯುತ್ತವೆ. ಈ ದೂರಕ್ಕೆ 5ರಿಂದ 150 ಲ್ಯೂಮೆನ್ ಸಾಕಾಗುತ್ತದೆ. ತೋಟದಲ್ಲಿ ರಾತ್ರಿ ನಡೆಯುವವರು, ದೂರದ ಬೇಲಿಯನ್ನು ನೋಡಬೇಕಾದವರು ಅದನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಬೇಕು, ಏಕೆಂದರೆ ಅವರಿಗೆ ಬೇಕಾದ ಬೆಳಕಿನ ಆಕಾರವೇ ಬೇರೆ.

ಆಮೇಲೆ ಗಾತ್ರ. ಒಂದು ಎಎಎ ಸೆಲ್ಲಿನ ಟಾರ್ಚ್ ಸುಮಾರು ದಪ್ಪ ಪೆನ್ನಿನಷ್ಟಿರುತ್ತದೆ; ಎಎ ಸೆಲ್ಲಿನದು ಸಾಮಾನ್ಯವಾಗಿ 85ರಿಂದ 100 ಮಿಲಿಮೀಟರ್ ಉದ್ದ ಬರುತ್ತದೆ; 18650 ಎಂಬ ದಪ್ಪನೆಯ ಲೀಥಿಯಂ ಅಯಾನ್ ಸೆಲ್ಲಿನದು 100ರಿಂದ 120 ಮಿಲಿಮೀಟರ್ ಉದ್ದ, 22ರಿಂದ 25 ಮಿಲಿಮೀಟರ್ ದಪ್ಪ ಇದ್ದು, ಸೆಲ್ ಹಾಕಿದಾಗ 100 ಗ್ರಾಮನ್ನು ಸುಲಭವಾಗಿ ದಾಟುತ್ತದೆ. ಈ ಅಂಕಿಗಳನ್ನು ಓದಿದರೆ ಜೇಬಿಗೆ ಏನೂ ಅರ್ಥವಾಗುವುದಿಲ್ಲ. ಆದ್ದರಿಂದ ದಪ್ಪ ಕಾಗದವನ್ನು ಮಾದರಿಯ ಉದ್ದ ಮತ್ತು ದಪ್ಪಕ್ಕೆ ಸರಿಯಾಗಿ ಸುರುಳಿ ಸುತ್ತಿ, ಒಳಗೆ ನಾಣ್ಯಗಳನ್ನು ತುಂಬಿ ತೂಕ ಹೊಂದಿಸಿ, ಒಂದು ಪೂರ್ತಿ ದಿನ ಜೇಬಿನಲ್ಲಿಟ್ಟುಕೊಂಡು ಕೂತು ಎದ್ದು ನೋಡಿ. ಸಂಜೆಯೊಳಗೆ ಅದನ್ನು ತೆಗೆದು ಮೇಜಿನ ಮೇಲಿಡಬೇಕೆನಿಸಿದರೆ ಆ ಗಾತ್ರ ನಿಮ್ಮದಲ್ಲ.

## ಹಂತ 2: ಬ್ಯಾಟರಿಯನ್ನು ನಿರ್ಧರಿಸುವುದು

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಬೇಕು. ಟಾರ್ಚಿನ ಗಾತ್ರ, ಬೆಳಕು, ಬಾಳಿಕೆ, ಮುಂದಿನ ಖರ್ಚು ಎಲ್ಲವೂ ಇಲ್ಲಿಂದಲೇ ಹೊರಡುತ್ತವೆ.

ಮೊದಲನೆಯದು, ಎಲ್ಲ ಅಂಗಡಿಗಳಲ್ಲಿ ಸಿಗುವ ಎಎ ಮತ್ತು ಎಎಎ ಸೆಲ್ಲುಗಳು. ಇವುಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್ಲನ್ನು ಟಾರ್ಚಿನೊಳಗೆ ತಿಂಗಳುಗಟ್ಟಲೆ ಬಿಡಬಾರದು. ಬರಿದಾದ ಆಲ್ಕಲೈನ್ ಸೆಲ್ಲಿನಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ ಸ್ಪ್ರಿಂಗನ್ನು ತಿನ್ನುತ್ತದೆ, ಎಷ್ಟೋ ಸಲ ಸೆಲ್ಲು ಕೊಳವೆಯಲ್ಲೇ ಅಂಟಿಕೊಂಡು ಇಡೀ ಟಾರ್ಚ್ ಹಾಳಾಗುತ್ತದೆ. ದಿನವೂ ಬಳಸುವವರು ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು, ಅದರಲ್ಲೂ ತಾನಾಗಿ ಚಾರ್ಜ್ ಕಳೆದುಕೊಳ್ಳುವ ವೇಗ ಕಡಿಮೆ ಇರುವ ಬಗೆಯನ್ನು ಆರಿಸುವುದು ಲೇಸು. ವಾಹನದ ಖಾನೆಯಲ್ಲಿ ಅಪರೂಪದ ಬಳಕೆಗೆಂದು ಇಡುವ ಟಾರ್ಚಿಗೆ ಮರುಚಾರ್ಜ್ ಆಗದ 1.5 ವೋಲ್ಟ್ ಲೀಥಿಯಂ ಸೆಲ್ಲು ಸೂಕ್ತ. ಅದು ವರ್ಷಗಟ್ಟಲೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ, ಸೋರುವ ಭಯವೂ ಕಡಿಮೆ.

ಎರಡನೆಯದು 14500. ಇದು ಎಎ ಸೆಲ್ಲಿನಷ್ಟೇ ಗಾತ್ರದ ಲೀಥಿಯಂ ಅಯಾನ್ ಸೆಲ್ಲು, ಆದರೆ ವೋಲ್ಟೇಜು ಬೇರೆ. ನಿಕಲ್ ಸೆಲ್ಲು 1.2 ವೋಲ್ಟ್ ಕೊಟ್ಟರೆ ಇದು 3.7 ವೋಲ್ಟ್ ಕೊಡುತ್ತದೆ, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಹೊಸಬರು ಪದೇ ಪದೇ ಮಾಡುವ ದುಬಾರಿ ತಪ್ಪು ಇಲ್ಲಿಯೇ ಇದೆ: ಗಾತ್ರ ಹೊಂದುತ್ತದೆ ಎಂದು ಎಎ ಸೆಲ್ಲಿಗೆ ಮಾತ್ರ ಮಾಡಿದ ಟಾರ್ಚಿನಲ್ಲಿ 14500 ಹಾಕಿದರೆ ಒಳಗಿನ ಸರ್ಕ್ಯೂಟ್ ಕ್ಷಣದಲ್ಲಿ ಸುಟ್ಟುಹೋಗಬಹುದು. ನಿಕಲ್ ಸೆಲ್ಲಿನ ಚಾರ್ಜರಿನಲ್ಲಿ 14500 ಇಡುವುದಂತೂ ಬೆಂಕಿಗೆ ಆಹ್ವಾನ. ಎರಡು ಬಗೆಯ ಸೆಲ್ಲುಗಳನ್ನೂ ಒಪ್ಪುವ ಟಾರ್ಚುಗಳಿವೆ, ಸೋಫರ್ನ್ ಎಸ್‌ಪಿ10 ಪ್ರೊ ಅಂಥದ್ದೊಂದು. ಆದರೆ ತಯಾರಕರು ಎರಡನ್ನೂ ಸ್ಪಷ್ಟವಾಗಿ ಹೆಸರಿಸಿದ್ದರೆ ಮಾತ್ರ ನಂಬಬೇಕು. ಚಾರ್ಜ್ ಮುಗಿದಾಗ ಯಾವ ಅಂಗಡಿಯ ಎಎ ಸೆಲ್ಲಾದರೂ ನಡೆಯುತ್ತದೆ ಎಂಬ ಕಾರಣಕ್ಕೆ, ಮೊದಲ ಸಲ ಕೊಳ್ಳುವವರಿಗೆ ನನ್ನ ಮೊದಲ ಆಯ್ಕೆ ಈ ಬಗೆಯೇ.

ಮೂರನೆಯದು 18650, ಅಂದರೆ 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದದ ಸೆಲ್ಲು. ನಿಕಲ್ ಎಎ ಸೆಲ್ಲಿನ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ಇದರಲ್ಲಿದೆ, ಆದರೆ ಜೇಬು ಅದನ್ನು ಒಪ್ಪಬೇಕು. ಇದರಲ್ಲಿ ಎರಡು ವಿಷಯ ಗಮನಿಸಿ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲು 68ರಿಂದ 70 ಮಿಲಿಮೀಟರ್ ಉದ್ದ ಬರುವುದರಿಂದ ಕೆಲವು ಕೊಳವೆಗಳಲ್ಲಿ ಹಿಡಿಯುವುದಿಲ್ಲ. ಧನ ತುದಿ ಚಪ್ಪಟೆಯಾಗಿರುವ ಸೆಲ್ಲು ಕೆಲವು ಟಾರ್ಚುಗಳಲ್ಲಿ ಸಂಪರ್ಕವನ್ನೇ ಮುಟ್ಟುವುದಿಲ್ಲ. ಎರಡನ್ನೂ ಕೊಳ್ಳುವ ಮೊದಲೇ ವಿವರಣೆಯಲ್ಲಿ ನೋಡಬೇಕು.

18650 ಸೆಲ್ಲಿನ ಮೇಲೆ 9,900 ಎಂಎಎಚ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ; 1,000 ಎಂಎಎಚ್ ಎಂದರೆ ಒಂದು ಆಂಪಿಯರ್-ಗಂಟೆ) ಎಂದು ಬರೆದಿದ್ದರೆ ಅದು ಸುಳ್ಳು. ಈ ಗಾತ್ರದ ಒಳ್ಳೆಯ ಸೆಲ್ಲುಗಳು 3,500 ಎಂಎಎಚ್ ಆಸುಪಾಸಿನಲ್ಲಿ ನಿಲ್ಲುತ್ತವೆ. ನಿಜವಾದ ಸೆಲ್ಲು 45 ಗ್ರಾಮಿನ ಹತ್ತಿರ ತೂಗುತ್ತದೆ. 30 ಗ್ರಾಮ್ ತೂಗುವುದು ಒಳಗೆ ಅರ್ಧ ಖಾಲಿ ಇರುತ್ತದೆ. ತೂಕದ ಯಂತ್ರ ಬೇಕು ಎಂದದ್ದು ಇದಕ್ಕೇ. ಸೆಲ್ಲಿನ ವಿಷಯದಲ್ಲಿ ಸುಳ್ಳು ಹೇಳುವವರು ಟಾರ್ಚಿನ ವಿಷಯದಲ್ಲಿ ಸತ್ಯ ಹೇಳುತ್ತಾರೆಂದು ನಿರೀಕ್ಷಿಸಬೇಡಿ, ಆ ಪೆಟ್ಟಿಗೆಯನ್ನೇ ಬಿಟ್ಟುಬಿಡಿ.

ಕೊನೆಯದು, ಒಳಗೇ ಮುಚ್ಚಿದ ಬ್ಯಾಟರಿ. ಚಿಕ್ಕ ಕೀಚೈನ್ ಟಾರ್ಚುಗಳಲ್ಲಿ ಇದು ಅನಿವಾರ್ಯ, ಅಲ್ಲಿ ಒಪ್ಪಿಕೊಳ್ಳಬಹುದು. ಆದರೆ ಲೀಥಿಯಂ ಅಯಾನ್ ಸೆಲ್ಲು ಕೆಲವು ನೂರು ಬಾರಿ ಚಾರ್ಜ್ ಆದ ಬಳಿಕ ಸೊರಗುವುದು ಖಚಿತವಾದ್ದರಿಂದ, ಸೆಲ್ಲು ಬದಲಿಸಲಾಗದ ಟಾರ್ಚಿನ ಆಯುಷ್ಯ ಆ ಸೆಲ್ಲಿನ ಆಯುಷ್ಯಕ್ಕಿಂತ ಹೆಚ್ಚಾಗಲಾರದು. ತಯಾರಕರು ತಮ್ಮದೇ ವಿಶೇಷ ಸೆಲ್ಲು ಬೇಕೆಂದು ಕೇಳುವ ಟಾರ್ಚುಗಳದೂ ಹೆಚ್ಚುಕಡಿಮೆ ಇದೇ ಕಥೆ.

## ಹಂತ 3: ಒಟ್ಟು ಖರ್ಚನ್ನು ಕೂಡಿಸುವುದು

ಟಾರ್ಚಿನ ಬೆಲೆಗೆ ಸೆಲ್ಲಿನ ಬೆಲೆ, ಚಾರ್ಜರ್ ಇಲ್ಲದಿದ್ದರೆ ಅದರ ಬೆಲೆ, ಸಾಗಣೆಯ ವೆಚ್ಚ ಮೂರನ್ನೂ ಸೇರಿಸಿ ಹೋಲಿಸಬೇಕು. ಅಗ್ಗವೆಂದು ಕಂಡ ಟಾರ್ಚು ಸೆಲ್ಲಿಲ್ಲದೆ ಬಂದು, ಚಾರ್ಜರ್ ಸೇರಿಸಿದ ಮೇಲೆ ಎರಡರಷ್ಟಾಗುವುದು ಹೊಸದಲ್ಲ. ಟಾರ್ಚಿನಲ್ಲಿಯೇ ಚಾರ್ಜಿಂಗ್ ಕಿಂಡಿ ಇದ್ದರೆ ಒಂದು ಖರ್ಚು ಉಳಿಯುತ್ತದೆ. ಆದರೆ ಅಂಥ ಕಿಂಡಿ ಲೀಥಿಯಂ ಅಯಾನ್ ಸೆಲ್ಲನ್ನು ಮಾತ್ರ ಚಾರ್ಜ್ ಮಾಡುವುದೇ ಸಾಮಾನ್ಯ, ನಿಕಲ್ ಸೆಲ್ಲಿಗೆ ಪ್ರತ್ಯೇಕ ಚಾರ್ಜರ್ ಬೇಕಾಗುತ್ತದೆ.

## ಹಂತ 4: ಸ್ವಿಚ್ಚು ಮತ್ತು ಬೆಳಕಿನ ಮಟ್ಟಗಳು

ಹಿಂಬದಿಯ ಯಾಂತ್ರಿಕ ಸ್ವಿಚ್ಚು ಕತ್ತಲಲ್ಲಿ ಬೆರಳಿಗೆ ತಕ್ಷಣ ಸಿಗುತ್ತದೆ, ಆರಿಸಿದಾಗ ವಿದ್ಯುತ್ತನ್ನು ಪೂರ್ತಿ ಕಡಿಯುತ್ತದೆ. ಪಕ್ಕದ ಎಲೆಕ್ಟ್ರಾನಿಕ್ ಗುಂಡಿ ಒತ್ತಿ ಹಿಡಿಯುವುದು, ಎರಡು ಬಾರಿ ಒತ್ತುವುದು ಮುಂತಾದ ಸೌಕರ್ಯಗಳನ್ನು ಕೊಡುತ್ತದೆ. ಆದರೆ ಆರಿಸಿದಾಗಲೂ ಸರ್ಕ್ಯೂಟ್ ಸ್ವಲ್ಪ ವಿದ್ಯುತ್ ಹೀರುತ್ತಲೇ ಇರುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಈ ಸೋರಿಕೆ ಲೆಕ್ಕಕ್ಕಿಲ್ಲ, ಕೆಟ್ಟದರಲ್ಲಿ ಸೆಲ್ಲು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ತಲೆಯನ್ನು ತಿರುಗಿಸಿ ಹೊತ್ತಿಸುವ ಎಎಎ ಟಾರ್ಚುಗಳು ಸರಳ ಮತ್ತು ಅಗ್ಗ, ಆದರೆ ಹೆಚ್ಚಿನವನ್ನು ಹೊತ್ತಿಸಲು ಎರಡು ಕೈ ಬೇಕು.

ಜೇಬಿನಲ್ಲಿ ಆಕಸ್ಮಿಕವಾಗಿ ಹೊತ್ತಿಕೊಳ್ಳುವುದನ್ನು ಯಾರೂ ಹಗುರವಾಗಿ ಎಣಿಸಬಾರದು. ಸಾವಿರ ಲ್ಯೂಮೆನ್ನಿನ ಟಾರ್ಚಿನ ಗಾಜಿಗೆ ಬಟ್ಟೆ ಒತ್ತಿಕೊಂಡರೆ ಅದು ಸುಡುತ್ತದೆ, ಚರ್ಮಕ್ಕೂ ಸುಟ್ಟಗಾಯವಾಗಬಹುದು. ಆದ್ದರಿಂದ ಗುಂಡಿ ಮೇಲ್ಮೈಗಿಂತ ಕೆಳಗೆ ಅಡಗಿದೆಯೇ, ಬೀಗಹಾಕುವ ವ್ಯವಸ್ಥೆ ಇದೆಯೇ ಎಂದು ನೋಡಿ. ಹಲವು ಟಾರ್ಚುಗಳಲ್ಲಿ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ವಿದ್ಯುತ್ ಸಂಪರ್ಕ ತಪ್ಪುತ್ತದೆ. ಮುಚ್ಚಳದ ತಿರುಪಿನ ಎಳೆಗಳಿಗೆ ವಿದ್ಯುತ್ ಹರಿಯಗೊಡದ ಆನೊಡೈಸ್ ಲೇಪ ಇದ್ದಾಗ ಮಾತ್ರ ಇದು ಸಾಧ್ಯ. ಎಳೆಗಳು ಬೆಳ್ಳಗೆ ಬರಿಯ ಲೋಹವಾಗಿ ಹೊಳೆಯುತ್ತಿದ್ದರೆ ಸಡಿಲಿಸಿದರೂ ಸಂಪರ್ಕ ಉಳಿಯುತ್ತದೆ.

ಬೆಳಕಿನ ಮಟ್ಟಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಮೊದಲು ನೋಡಬೇಕು. ನಡುರಾತ್ರಿ ಮಲಗಿದವರಿಗೆ ತೊಂದರೆ ಕೊಡದೆ ಎದ್ದು ಹೋಗಲು ಅರ್ಧದಿಂದ ಎರಡು ಲ್ಯೂಮೆನ್ ಸಾಕು. ಕನಿಷ್ಠ ಮಟ್ಟವೇ 100 ಲ್ಯೂಮೆನ್ ಇರುವ ಟಾರ್ಚು ಮನೆಯೊಳಗಿನ ಬಳಕೆಗೆ ತಕ್ಕದ್ದಲ್ಲ. ಅದರ ಮೇಲೆ 20ರಿಂದ 50, ಮತ್ತೆ 100ರಿಂದ 200, ಮತ್ತೊಂದು ಗರಿಷ್ಠ, ಇಷ್ಟಿದ್ದರೆ ಯಾವ ಕೊರತೆಯೂ ಇಲ್ಲ. ಮಿನುಗುವ ಸ್ಟ್ರೋಬ್ ಮತ್ತು ಎಸ್‌ಒಎಸ್ ಮಟ್ಟಗಳು ಮುಖ್ಯ ಸರದಿಯಲ್ಲಿಯೇ ಬಂದರೆ, ಪ್ರತಿ ಬಾರಿ ಮಟ್ಟ ಬದಲಿಸುವಾಗಲೂ ಕಣ್ಣಿಗೆ ಹೊಡೆಯುವ ಮಿಂಚನ್ನು ದಾಟಿ ಹೋಗಬೇಕಾಗುತ್ತದೆ. ಇದೊಂದೇ ಕಾರಣಕ್ಕೆ ಮಾದರಿಯನ್ನು ತಿರಸ್ಕರಿಸುವುದು ಅತಿಯಲ್ಲ. ಆಂಡುರಿಲ್ ಎಂಬ ತೆರೆದ ತಂತ್ರಾಂಶವಿರುವ ಟಾರ್ಚುಗಳಲ್ಲಿ ಹತ್ತಾರು ಸೌಲಭ್ಯಗಳಿವೆ; ಮನೆಯ ಹಿರಿಯರಿಗೂ ಕೊಡುವ ಉದ್ದೇಶವಿದ್ದರೆ ಅದರ ಸರಳ ವಿಧಾನದಲ್ಲಿಯೇ ಇಟ್ಟುಕೊಡಬೇಕು.

## ಹಂತ 5: ಬೆಳಕಿನ ಹರಹು ಮತ್ತು ಬಣ್ಣ

ನುಣುಪಾದ ಆಳದ ಪ್ರತಿಫಲಕ ಬೆಳಕನ್ನು ನಡುವೆ ಒಂದು ಉರಿಯುವ ಚುಕ್ಕೆಯಾಗಿ ಕೂಡಿಸಿ ದೂರ ಎಸೆಯುತ್ತದೆ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾದ ಪ್ರತಿಫಲಕವೂ ಗಟ್ಟಿ ಪ್ಲಾಸ್ಟಿಕ್ಕಿನ ಟಿಐಆರ್ ಮಸೂರವೂ ಬೆಳಕನ್ನು ಹೆಚ್ಚು ಮೃದುವಾಗಿ ಹರಡುತ್ತವೆ. ಹಂತ 1ರ ಪಟ್ಟಿಯಲ್ಲಿ ಹತ್ತಿರದ ಕೆಲಸಗಳೇ ಹೆಚ್ಚಿದ್ದರೆ ಹರಡುವ ಬೆಳಕನ್ನು ಆರಿಸಿ. ಉರಿಯುವ ಚುಕ್ಕೆ ಹತ್ತಿರದ ಬಿಳಿ ಕಾಗದದ ಮೇಲೆ ಬಿದ್ದರೆ ಅಕ್ಷರಗಳೇ ಕಾಣದಂತಾಗುತ್ತದೆ. ತಲೆಯನ್ನು ಎಳೆದು ಜೂಮ್ ಮಾಡುವ ಅಗ್ಗದ ಟಾರ್ಚುಗಳ ಬಗ್ಗೆ ನನಗೆ ಒಲವಿಲ್ಲ: ಜಾರುವ ತಲೆಯ ಸಂದಿಯಿಂದ ನೀರು ಮತ್ತು ಧೂಳು ಒಳನುಗ್ಗುತ್ತವೆ, ಎಳೆದಾಗ ಬೆಳಕಿನ ದೊಡ್ಡ ಪಾಲು ಕೊಳವೆಯ ಗೋಡೆಗೇ ಬಡಿದು ವ್ಯರ್ಥವಾಗುತ್ತದೆ.

ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 6,500 ಕೆಲ್ವಿನ್ ನೀಲಿ ಛಾಯೆಯ ಬಿಳುಪು, 5,000 ಮಧ್ಯಾಹ್ನದ ಬೆಳಕಿನ ಹತ್ತಿರ, 4,000 ಸ್ವಲ್ಪ ಬೆಚ್ಚಗಿನದು, 3,000 ಹಳೆಯ ಬಲ್ಬಿನ ಹಳದಿ. ಇದಕ್ಕಿಂತ ಮುಖ್ಯವಾದದ್ದು ಸಿಆರ್‌ಐ, ಅಂದರೆ ವಸ್ತುಗಳ ಬಣ್ಣಗಳನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಸೂಚ್ಯಂಕ. ಇದರ ಗರಿಷ್ಠ 100. ಸಾಮಾನ್ಯ ಅಗ್ಗದ ಎಲ್‌ಇಡಿಗಳು 70ರ ಹತ್ತಿರ ಇರುತ್ತವೆ, ಒಳ್ಳೆಯವು 90 ದಾಟುತ್ತವೆ. ವಿದ್ಯುತ್ ತಂತಿಗಳ ಕೆಂಪು ಮತ್ತು ಕಂದು ಬಣ್ಣವನ್ನು ಬೇರ್ಪಡಿಸಬೇಕಾದವರು, ಗಾಯವನ್ನು ನೋಡಬೇಕಾದವರು 90 ದಾಟಿದ್ದನ್ನೇ ಆರಿಸಬೇಕು. ಅದಕ್ಕೆ ಬದಲಾಗಿ ಲ್ಯೂಮೆನ್ನಿನಲ್ಲಿ ಒಂದಷ್ಟು ಕಳೆದುಕೊಳ್ಳಬೇಕಾಗುತ್ತದೆ, ಆದರೆ ಕಣ್ಣು ಆ ನಷ್ಟವನ್ನು ಗುರುತಿಸುವುದೇ ಅಪರೂಪ. ಕಾನ್ವಾಯ್ ಎಸ್2 ಪ್ಲಸ್‌ನಂಥ ಕಡಿಮೆ ಬೆಲೆಯ 18650 ಟಾರ್ಚುಗಳಲ್ಲಿ ಎಲ್‌ಇಡಿಯನ್ನೂ ಬಣ್ಣವನ್ನೂ ಕೊಳ್ಳುವವರೇ ಆರಿಸಿಕೊಳ್ಳಬಹುದು.

## ಹಂತ 6: ಈಗ ಅಂಕಿಗಳನ್ನು ಓದುವುದು

ಎಎನ್‌ಎಸ್‌ಐ ಎಫ್‌ಎಲ್ 1 ಎಂಬ, ಟಾರ್ಚುಗಳನ್ನು ಅಳೆಯುವ ಮಾನದಂಡದ ಗುರುತು ಇದೆಯೇ ಎಂದು ಮೊದಲು ನೋಡಿ. ಅದರ ಪ್ರಕಾರ ಲ್ಯೂಮೆನ್ನನ್ನು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ ಅಳೆಯಬೇಕು. ಉರಿಯುವ ಅವಧಿ ಎಂದರೆ ಬೆಳಕು ಆರಂಭದ ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯ. ಈ ಎರಡನ್ನು ಕೂಡಿಸಿ ಓದಿದರೆ ಪೆಟ್ಟಿಗೆಯ ಗುಟ್ಟು ಹೊರಬೀಳುತ್ತದೆ: ಒಂದು ಟಾರ್ಚು ಮೂರು ನಿಮಿಷ 1,000 ಲ್ಯೂಮೆನ್ ಕೊಟ್ಟು, ಆಮೇಲೆ 150ಕ್ಕೆ ಇಳಿದು ಎರಡೂವರೆ ಗಂಟೆ ನಡೆದರೂ, "1,000 ಲ್ಯೂಮೆನ್, 2.5 ಗಂಟೆ" ಎಂದು ನಿಯಮದ ಒಳಗೇ ಬರೆಯಬಹುದು. ಆದ್ದರಿಂದ ಗರಿಷ್ಠ ಅಂಕಿಯನ್ನು ಬಿಟ್ಟು, ಅರ್ಧ ಗಂಟೆಯ ಬಳಿಕ ಎಷ್ಟು ಬೆಳಕು ಉಳಿಯುತ್ತದೆ ಎಂಬುದನ್ನು, ಸಮಯ ಕಳೆದಂತೆ ಬೆಳಕು ಇಳಿಯುವುದನ್ನು ತೋರಿಸುವ ನಕ್ಷೆಯಲ್ಲಿ ಹುಡುಕಬೇಕು. ಎಎ ಗಾತ್ರದ ದೇಹ ಕೈಗೆ ಬಿಸಿಯಾಗದಂತೆ ಹೊರಹಾಕಬಲ್ಲ ಶಾಖಕ್ಕೆ ಮಿತಿ ಇದೆ. ಸುಮಾರು 150ರಿಂದ 250 ಲ್ಯೂಮೆನ್ ಅದಕ್ಕೆ ತಾಳುವ ಮಟ್ಟ.

ಮಾನದಂಡದ ಗುರುತು ಇಲ್ಲದಿದ್ದರೆ ಒಂದು ಕಚ್ಚಾ ಲೆಕ್ಕ ಸಾಕು. ಸೆಲ್ಲಿನ ಆಂಪಿಯರ್-ಗಂಟೆಯನ್ನು ವೋಲ್ಟೇಜಿನಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಎಂದು ಹಿಡಿಯಿರಿ. 3,000 ಎಂಎಎಚ್ ಇರುವ 18650 ಸೆಲ್ಲು 3 × 3.6 = 10.8 ವ್ಯಾಟ್-ಗಂಟೆ ಕೊಡುತ್ತದೆ, ಅಂದರೆ ಸುಮಾರು 1,080 ಲ್ಯೂಮೆನ್-ಗಂಟೆ. 200 ಲ್ಯೂಮೆನ್ನಿನಲ್ಲಿ ಐದು ಗಂಟೆಗಿಂತ ಸ್ವಲ್ಪ ಹೆಚ್ಚು. 2,000 ಎಂಎಎಚ್ ಇರುವ ನಿಕಲ್ ಎಎ ಸೆಲ್ಲು 2.4 ವ್ಯಾಟ್-ಗಂಟೆ ಕೊಡುತ್ತದೆ, 100 ಲ್ಯೂಮೆನ್ನಿನಲ್ಲಿ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಒಂದೇ 18650 ಸೆಲ್ಲಿನಿಂದ "10,000 ಲ್ಯೂಮೆನ್, 6 ಗಂಟೆ" ಎಂದು ಬರೆದ ಪೆಟ್ಟಿಗೆಯನ್ನು ಈ ಲೆಕ್ಕಕ್ಕೆ ಒಡ್ಡಿ ನೋಡಿ.

ದೂರದ ಅಂಕಿಯೂ ಹಾಗೆಯೇ. ಮಾನದಂಡದಲ್ಲಿ ದೂರವೆಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕಿನಷ್ಟಕ್ಕೆ, ಇಳಿಯುವ ಜಾಗ. ಕಿರಣದ ನಡುವಿನ ತೀವ್ರತೆಯನ್ನು ಹೇಳುವ ಕ್ಯಾಂಡೆಲಾ ಅಂಕಿಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಅದು ಮೀಟರಿನಲ್ಲಿ ಸಿಗುತ್ತದೆ. 2,500 ಕ್ಯಾಂಡೆಲಾಕ್ಕೆ 100 ಮೀಟರ್. ಆ ದೂರದಲ್ಲಿ ಏನೋ ಇದೆ ಎಂದಷ್ಟೇ ತಿಳಿಯುತ್ತದೆ, ಅದೇನು ಎಂದು ಗುರುತಿಸಬೇಕಾದರೆ ಅರ್ಧ ದೂರವನ್ನೇ ನಂಬಬೇಕು. ಇನ್ನೊಂದು ಮಾತು: ಲ್ಯೂಮೆನ್ ಎರಡು ಪಟ್ಟಾದರೆ ಕಣ್ಣಿಗೆ ಬೆಳಕು ಎರಡು ಪಟ್ಟಾಗಿ ಕಾಣುವುದಿಲ್ಲ, ಹಾಗೆ ಕಾಣಲು ಸುಮಾರು ನಾಲ್ಕು ಪಟ್ಟು ಬೇಕು. 400ರ ಬದಲು 500 ಲ್ಯೂಮೆನ್ ಸಿಗುತ್ತದೆಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

## ಹಂತ 7: ದೇಹ ಮತ್ತು ಕ್ಲಿಪ್

ನೀರನ್ನು ತಡೆಯುವ ಮಟ್ಟವನ್ನು ಐಪಿಎಕ್ಸ್ ಅಂಕಿಯಲ್ಲಿ ಹೇಳುತ್ತಾರೆ: ಐಪಿಎಕ್ಸ್ 4 ಮಳೆಹನಿಗೆ ಸಾಕು, ಐಪಿಎಕ್ಸ್ 7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ. ಕ್ಲಿಪ್ ಬಿಗಿಯಾಗಿರಲಿ, ಎರಡೂ ದಿಕ್ಕಿಗೆ ಸಿಕ್ಕಿಸುವಂತಿದ್ದರೆ ಟೋಪಿಯ ಅಂಚಿಗೆ ಸಿಕ್ಕಿಸಿ ಕೈಗಳನ್ನು ಬಿಡುವು ಮಾಡಿಕೊಳ್ಳಬಹುದು. ಹಿಂಬದಿಯ ಅಯಸ್ಕಾಂತ ವಾಹನದ ಕೆಲಸಕ್ಕೆ ಬಹಳ ಉಪಯುಕ್ತ, ಆದರೆ ಪೇಸ್‌ಮೇಕರ್ ಇರುವವರು ಅಂಥದ್ದನ್ನು ಎದೆಯ ಜೇಬಿನಲ್ಲಿ ಇಡಬಾರದು.

## ಹಂತ 8: ಕೈಗೆ ಬಂದ ದಿನದ ಪರೀಕ್ಷೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ ಮುಗಿಸಬೇಕು.

1. ಸೆಲ್ಲನ್ನು ತೆಗೆದು ತೂಗಿ, ಹೊದಿಕೆ ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಷ್ಟೋ ಟಾರ್ಚುಗಳಲ್ಲಿ ಸಾಗಣೆಗೆಂದು ಪ್ಲಾಸ್ಟಿಕ್ ತಗಡು ಅಡ್ಡ ಇಟ್ಟಿರುತ್ತಾರೆ. ಅದನ್ನು ತೆಗೆಯದೆ "ಹೊತ್ತುತ್ತಿಲ್ಲ" ಎಂದು ವಾಪಸು ಕಳಿಸುವವರೂ ಇದ್ದಾರೆ.

2. ಎರಡು ಬಗೆಯ ಕೇಬಲ್ಲುಗಳಿಂದಲೂ ಚಾರ್ಜ್ ಮಾಡಿ ನೋಡಿ. ಕೆಲವು ಅಗ್ಗದ ಟಾರ್ಚುಗಳ ಟೈಪ್-ಸಿ ಕಿಂಡಿಯಲ್ಲಿ ಇರಬೇಕಾದ 5.1 ಕಿಲೊಓಮ್‌ನ ಎರಡು ರೆಸಿಸ್ಟರುಗಳನ್ನು ಬಿಟ್ಟಿರುತ್ತಾರೆ. ಅಂಥವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದೇ ಇಲ್ಲ, ಹಳೆಯ ಟೈಪ್-ಎ ಕೇಬಲ್ಲಿನಲ್ಲಿ ಸರಿಯಾಗಿಯೇ ಆಗುತ್ತವೆ.

3. ಕಡಿಮೆ ಮಟ್ಟದಲ್ಲಿ ಗೋಡೆಯ ಮೇಲೆ ಬೆಳಕು ಬಿಟ್ಟು ಫೋನಿನ ಕ್ಯಾಮೆರಾದಲ್ಲಿ ನೋಡಿ. ದಪ್ಪ ಕಪ್ಪು ಪಟ್ಟಿಗಳು ಹರಿದಾಡಿದರೆ ಬೆಳಕು ವೇಗವಾಗಿ ಮಿಣುಕುತ್ತಿದೆ ಎಂದರ್ಥ. ಬೆಳಕಿನ ಮುಂದೆ ಬೆರಳಾಡಿಸಿದಾಗ ಬರಿಗಣ್ಣಿಗೂ ಬೆರಳುಗಳು ತುಂಡುತುಂಡಾಗಿ ಕಂಡರೆ ಹಿಂದಿರುಗಿಸುವುದೇ ಸರಿ.

4. ಗರಿಷ್ಠ ಮಟ್ಟದಲ್ಲಿ ಕೈಯಲ್ಲಿ ಹಿಡಿದು ಐದು ನಿಮಿಷ ಉರಿಸಿ. ಬೆಚ್ಚಗಾಗಿ ತಾನಾಗಿ ಮಟ್ಟ ಇಳಿಸಿಕೊಂಡರೆ ಅದು ದೋಷವಲ್ಲ, ರಕ್ಷಣೆ. ಹಿಡಿಯಲಾರದಷ್ಟು ಬಿಸಿಯಾದರೂ ಇಳಿಯದಿದ್ದರೆ ಒಳಗೆ ಶಾಖದ ನಿಯಂತ್ರಣವಿಲ್ಲ.

5. ಬೀಗಹಾಕಿ ಒಂದು ದಿನ ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಬೀಗ ತೆಗೆದು ಇನ್ನೊಂದು ದಿನ ಕೈಚೀಲದಲ್ಲಿಡಿ. ಎರಡನೆಯ ದಿನ ಹೊತ್ತಿಕೊಂಡಿದ್ದರೆ ಮುಂದೆ ಯಾವಾಗಲೂ ಬೀಗ ಹಾಕಿಯೇ ಇಡಬೇಕೆಂದು ತಿಳಿಯುತ್ತದೆ. ಮೊದಲ ದಿನವೇ ಹೊತ್ತಿಕೊಂಡರೆ ವಾಪಸು ಕಳಿಸಿ.

6. ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಮುಟ್ಟದೆ ಬಿಡಿ. ಮಲ್ಟಿಮೀಟರ್ ಇದ್ದರೆ ಮೊದಲ ಮತ್ತು ಕೊನೆಯ ವೋಲ್ಟೇಜನ್ನು ಹೋಲಿಸಿ. ಗಣನೀಯವಾಗಿ ಇಳಿದಿದ್ದರೆ ಆರಿಸಿದಾಗಲೂ ವಿದ್ಯುತ್ ಸೋರುತ್ತಿದೆ.

ನೀರಿನ ಪರೀಕ್ಷೆ ಕೊನೆಗಿರಲಿ, ಅದೂ ತಯಾರಕರು ಆ ಭರವಸೆ ಕೊಟ್ಟಿದ್ದರೆ ಮಾತ್ರ. ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ, ಚಾರ್ಜಿಂಗ್ ಕಿಂಡಿಯ ಮುಚ್ಚಳ ಒತ್ತಿ, ನಲ್ಲಿಯ ಕೆಳಗೆ ಹಿಡಿದರೆ ಸಾಕು.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಲೀಥಿಯಂ ಅಯಾನ್ ಸೆಲ್ಲಿನ ಲೋಹದ ಹೊರಕವಚ ಪೂರ್ತಿಯಾಗಿ ಋಣ ತುದಿಯೇ ಆಗಿರುತ್ತದೆ. ಧನ ತುದಿಯ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ಹರಿದರೆ ಎರಡೂ ಒಂದಕ್ಕೊಂದು ತಾಗಲು ಕೂದಲೆಳೆಯ ಅಂತರ ಸಾಕು, ಆದ್ದರಿಂದ ಹರಿದ ಸೆಲ್ಲನ್ನು ಬಳಸಬಾರದು. ಬಿಡಿ ಸೆಲ್ಲನ್ನು ಬೀಗದ ಕೈಗಳಿರುವ ಜೇಬಿನಲ್ಲಿ ಹಾಕಬಾರದು, ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಚಾರ್ಜ್ ಆಗುವಾಗ ಸೆಲ್ಲು ಬೆಚ್ಚಗಾಗುವುದು ಸಹಜ, ಮುಟ್ಟಲಾರದಷ್ಟು ಬಿಸಿಯಾಗುವುದು ಸಹಜವಲ್ಲ. ಉಬ್ಬು, ಸಿಹಿಯಾದ ರಾಸಾಯನಿಕ ವಾಸನೆ, ಜಜ್ಜಿದ ಗುರುತು, 2.5 ವೋಲ್ಟಿಗಿಂತ ಕೆಳಗಿಳಿದ ಅಳತೆ, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಮತ್ತೆ ಚಾರ್ಜ್ ಮಾಡಲು ಹೋಗಬೇಡಿ. ಮಲಗುವಾಗ ಅಥವಾ ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗೆ ಹಾಕಿಡುವ ಅಭ್ಯಾಸವನ್ನು, ಸೆಲ್ಲು ಎಷ್ಟೇ ಒಳ್ಳೆಯದಾಗಿದ್ದರೂ, ಬಿಡಬೇಕು. ಹಾಳಾದ ಸೆಲ್ಲಿನ ಎರಡೂ ತುದಿಗಳಿಗೆ ಟೇಪ್ ಅಂಟಿಸಿ, ಉರಿಯುವ ವಸ್ತುಗಳಿಂದ ದೂರವಿಟ್ಟು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಜಾಗಕ್ಕೆ ಒಪ್ಪಿಸಬೇಕು. ಮನೆಯ ಕಸದ ಬುಟ್ಟಿಗೆ ಅದನ್ನು ಹಾಕಬಾರದು.